ಕಸುಬು: ರೋಗಿ

"ಇಲ್ಲಿ ಕೇಳಿರೋದು ಉದ್ಯೋಗ ಕಣಮ್ಮ. ನೀವು 'ರೋಗಿ' ಅಂತ ಬರೆದಿದ್ದೀರಿ," ಎಂದ ಗಾಜಿನ ಆಚೆ ಕೂತಿದ್ದ ವೀಸಾ ಅಧಿಕಾರಿ. "ಕಾಯಿಲೆ ವಿಷಯ ಕೆಳಗೆ ಬರುತ್ತೆ."

"ಕಾಯಿಲೆ ಏನಿಲ್ಲ ಸರ್. ಉದ್ಯೋಗಾನೇ ಅದು."

ಅಧಿಕಾರಿ ನೆಗಡಿಯಿಂದ ಕೆಂಪಾಗಿದ್ದ ಮೂಗು ಒರೆಸಿಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಐವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು. "ಚಿಕಿತ್ಸೆಗೆ ಹೋಗೋರು ಪಕ್ಕದ ಕಿಟಕಿಗೆ ಹೋಗ್ಬೇಕು."

"ನಾನು ಕೆಲಸಕ್ಕೇ ಹೋಗ್ತಿರೋದು. ಮೆಡಿಕಲ್ ಕಾಲೇಜಲ್ಲಿ ರೋಗಿ ಥರ ಕೂತ್ಕೊಳ್ತೀನಿ. ಡಾಕ್ಟರಾಗೋ ಮಕ್ಕಳು ನನ್ನ ಹತ್ರ ಮಾತಾಡಿ ಮಾತಾಡಿ ಕಲೀತಾರೆ. ಅಲ್ಲಿನ ಕಾಲೇಜಿನೋರು ಎರಡು ವರ್ಷಕ್ಕೆ ಕರೆದಿದ್ದಾರೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿ ನಗಲಿಲ್ಲ. "ಈಗಿರೋ ಕಾಲೇಜಲ್ಲಿ ನಿಮ್ಮ ಹುದ್ದೆ ಏನು ಅಂತ ಬರೆಸ್ಕೊಂಡು ಬನ್ನಿ. ಆಮೇಲೆ ನೋಡೋಣ," ಎಂದು ಕಾಗದಗಳನ್ನು ಕಿಂಡಿಯಿಂದ ಹಿಂದಕ್ಕೆ ತಳ್ಳಿದ.

ಹೊರಗೆ ಗಂಡ ಕಾಯುತ್ತಿದ್ದ. ಬಸ್ ಡ್ರೈವರ್, ಆವತ್ತು ರಜೆ ಹಾಕಿ ಬಂದಿದ್ದ. ಅವಳ ನಡಿಗೆ ನೋಡಿಯೇ ವಿಷಯ ತಿಳಿಯಿತು. "ಟೀಚರ್ ಅಂತ ಬರಿ ಅಂತ ಬಡ್ಕೊಂಡೆ. ಕೇಳಿದ್ಯಾ? ಹರಿಶ್ಚಂದ್ರನ ತಂಗಿ!"

"ಟೀಚರ್ ಅಂದ್ರೆ ಡಿಗ್ರಿ ತೋರಿಸು ಅಂತಾರೆ ರೀ. ಎಲ್ಲಿಂದ ತರಲಿ?"

ಈಗಿರುವ ಕಾಲೇಜಿಗೆ ಅವಳು ಮೊದಲು ಹೋಗಿದ್ದು ಕ್ಯಾಂಟೀನಿನಲ್ಲಿ ಕಾಫಿ ಕೊಡಲು. ಒಂದು ಪರೀಕ್ಷೆಯ ದಿನ, ರೋಗಿಯ ಹೆಂಡತಿಯ ಪಾತ್ರದಲ್ಲಿ ಕೂರಬೇಕಿದ್ದ ಹುಡುಗಿ ಬರಲಿಲ್ಲವೆಂದು ಇವಳನ್ನೇ ಕುರ್ಚಿಯಲ್ಲಿ ಕೂರಿಸಿದರು. ನಡುಗುವ ದನಿಯ ವಿದ್ಯಾರ್ಥಿಯೊಬ್ಬ ಬಂದು, ನಿಮ್ಮ ಯಜಮಾನರು ಹೋಗಿಬಿಟ್ಟರು ಎಂದ. ಇವಳು ಅತ್ತ ಪರಿಗೆ ಅವನು ಪರೀಕ್ಷೆ ಮರೆತು ನೀರು ತರಲು ಓಡಿದ. ಅಂದಿನಿಂದ ಅವಳು ಎಲ್ಲರ ಬಾಯಲ್ಲಿ 'ಪೇಷಂಟಮ್ಮ'. ಎದೆನೋವು, ಕಿವುಡು, ಮುಚ್ಚಿಟ್ಟ ಕುಡಿತ, ಯಾವುದಾದರೂ ಸೈ. ಆದರೆ ಕೆಟ್ಟ ಸುದ್ದಿ ಹೇಳುವ ಪಾಠಕ್ಕೆ ಅವಳೇ ಬೇಕು. ಪಾಠ ಮುಗಿದ ಮೇಲೆ ವಿದ್ಯಾರ್ಥಿಯ ಕೈಹಿಡಿದು ಹೇಳುತ್ತಿದ್ದಳು: "ನಡುವೆ ನೀನು ಗಡಿಯಾರ ನೋಡಿದೆ ಕಣಪ್ಪ. ಬಾಯಿಗೆ ಬಂದಿದ್ದ ಪ್ರಶ್ನೆ ಆಗ ನುಂಗ್ಕೊಂಡೆ ನಾನು."

ಸಂಜೆ ಮನೆಗೆ ಬಂದರೆ ಗಂಡನದು ಒಂದೇ ಪ್ರಶ್ನೆ. "ಇವತ್ತು ನನ್ನ ಎಷ್ಟು ಸಲ ಸಾಯಿಸಿದೆ?" ಅವಳು ಲೆಕ್ಕ ಒಪ್ಪಿಸಿದರೆ, "ಪರವಾಗಿಲ್ಲ, ಆಯಸ್ಸು ಗಟ್ಟಿಯಾಗ್ತಿದೆ" ಎನ್ನುತ್ತಿದ್ದ.

ಮರುದಿನ ಅವಳು ಕಾಲೇಜಿನ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿ ತಲೆ ಕೆರೆದುಕೊಂಡ. "ನಿಮಗೆ ಹುದ್ದೆ ಅಂತ ಏನೂ ಇಲ್ವಲ್ಲ ಪೇಷಂಟಮ್ಮ. ನಿಮ್ಮ ಸಂಬಳ ಬೋಧನಾ ಸಾಮಗ್ರಿ ಅನ್ನೋದ್ರಲ್ಲಿ ಬರುತ್ತೆ. ಅಸ್ಥಿಪಂಜರ, ಪ್ಲಾಸ್ಟಿಕ್ ಗುಂಡಿಗೆ, ಆಮೇಲೆ ನೀವು."

ಅವಳು ನಕ್ಕುಬಿಟ್ಟಳು. ಮನೆಯಲ್ಲೂ ನಗುತ್ತಲೇ ಹೇಳಿದಳು. "ಅಸ್ಥಿಪಂಜರಕ್ಕಿಂತ ನೀನು ಸ್ವಲ್ಪ ದಪ್ಪ," ಎಂದ ಗಂಡ. ಇಬ್ಬರೂ ನಕ್ಕರು. ಆಮೇಲೆ ಪಾತ್ರೆ ತೊಳೆಯುತ್ತಿದ್ದವಳ ಕೈ ನಿಂತಿತು. ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಗಂಡ ಎದ್ದು ಬಂದು ನಲ್ಲಿ ನಿಲ್ಲಿಸಿದ.

"ದೊಡ್ಡ ಡಾಕ್ಟರಮ್ಮನ್ನ ಕೇಳು," ಎಂದ. "ನೀನು ಹೋಗ್ಲಿ ಅಂತ ನನಗೇನು ಆಸೆ ಇಲ್ಲ. ಆದ್ರೂ ಕೇಳು."

ದೊಡ್ಡ ಡಾಕ್ಟರಮ್ಮ ಎಂದರೆ ವಿಭಾಗದ ಮುಖ್ಯಸ್ಥೆ. ಮಾತು ಕಡಿಮೆ, ಮನಸ್ಸು ಒಳ್ಳೆಯದು. "'ಸಹಾಯಕಿ' ಅಂತ ಈಗ್ಲೇ ಬರೆದು ಕೊಡ್ತೀನಿ," ಎಂದು ಪೆನ್ನು ತೆಗೆದರು.

"ಯಾರಿಗೆ ಸಹಾಯಕಿ ಮೇಡಂ?"

ಪೆನ್ನು ನಿಂತಿತು. "ಹೋಗ್ಲಿ, 'ನಟಿ' ಅನ್ನೋಣ್ವಾ?"

"ನಟಿ ಆದ್ರೆ ಪರದೆ ಬಿದ್ದ ಮೇಲೆ ಮುಖ ತೊಳ್ಕೊಂಡು ಮನೆಗೆ ಹೋಗ್ತಾಳೆ. ನನ್ನ ಕೆಲಸ ಶುರುವಾಗೋದೇ ಪರದೆ ಬಿದ್ದ ಮೇಲೆ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಹೇಳೋದು ನಿಜ. ಆದ್ರೆ ಅಂಥ ಹುದ್ದೇನೇ ಇಲ್ಲ. ಆಡಳಿತ ಮಂಡಳಿ ಒಪ್ಪಿ ಹೊಸದಾಗಿ ಮಾಡ್ಬೇಕು. ತಡ ಆಗುತ್ತೆ. ಆ ಕಾಲೇಜಿನೋರು ಕಾಯದೆ ಬೇರೆಯವರನ್ನ ಕರ್ಕೊಂಡ್ರೆ? ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ."

ಅವಳು ಮೇಜಿನ ಮೇಲಿನ ಪೆನ್ನನ್ನೇ ನೋಡಿದಳು. 'ಸಹಾಯಕಿ' ಅಂದರೆ ಏನು ಮಹಾ? ಹೂಂ ಅಂದರೆ ನಾಳೆಯೇ ವೀಸಾ. ಗೋಡೆಯ ಬದಿಯ ಗಾಜಿನ ಬೀರುವಿನಲ್ಲಿ ಬಿಚ್ಚಿ ಜೋಡಿಸುವಂಥ ಶ್ವಾಸಕೋಶ, ಮೂತ್ರಪಿಂಡಗಳು ಧೂಳು ಹಿಡಿದು ಕೂತಿದ್ದವು.

"ಕಾಯ್ತೀನಿ ಮೇಡಂ," ಎಂದಳು. "ಹೋದ್ರೆ ಹೋಯ್ತು."

ಎರಡು ತಿಂಗಳು ಹಿಡಿಯಿತು. ಮಂಡಳಿಯ ಸಭೆಯಲ್ಲಿ, ರೋಗಿಗೂ ಒಂದು ಹುದ್ದೆಯೇ ಎಂದು ಯಾರೋ ನಕ್ಕರಂತೆ. ಡಾಕ್ಟರಮ್ಮ ಎಂದಿಲ್ಲದ ಹಾಗೆ ದನಿ ಏರಿಸಿದರಂತೆ. ಅತ್ತ ವಿದೇಶದ ಕಾಲೇಜಿನವರು ಒಮ್ಮೆ ವಿಚಾರಿಸಿ ಸುಮ್ಮನಾದರು. ಕೆಲಸ ಕೈಬಿಟ್ಟೇ ಹೋಯಿತೆಂದು ಅವಳು ರಾತ್ರಿಯಿಡೀ ಹೊರಳಾಡಿದ್ದೂ ಉಂಟು. ಕೊನೆಗೆ ಮಂಡಳಿಯ ಪತ್ರ ಬಂತು: 'ರೋಗಿ ಬೋಧಕಿ'. ಅವಳ ಜೊತೆ ರೋಗಿಯಾಗಿ ಕೂರುತ್ತಿದ್ದ ಇನ್ನಿಬ್ಬರಿಗೂ ಅದೇ ಹುದ್ದೆ. ವಿದೇಶದ ಕಾಲೇಜಿನವರೂ ಅಲ್ಲಿಯವರೆಗೆ ಬೇರೆಯವರನ್ನು ತೆಗೆದುಕೊಂಡಿರಲಿಲ್ಲ.

ಕಿಟಕಿಯಲ್ಲಿ ಅದೇ ಅಧಿಕಾರಿ. ಪತ್ರವನ್ನು ಎರಡು ಸಲ ಓದಿದ. "ನಮ್ಮ ಪಟ್ಟಿಯಲ್ಲಿ ಈ ಹೆಸರಿಲ್ಲ," ಎಂದು ಎದ್ದು ಒಳಗೆ ಹೋದ. ಅವಳು ಕಿಂಡಿಯ ಅಂಚು ಹಿಡಿದು ನಿಂತಳು. ಬಹಳ ಹೊತ್ತಿನ ಮೇಲೆ ಬಂದು ಕೂತ. "'ಇತರೆ' ಅಂತ ಹಾಕಿ, ಮುಂದೆ ನಿಮ್ಮ ಹುದ್ದೆ ಬರೆದಿದ್ದೀನಿ. ಆಗುತ್ತೆ ಕಣಮ್ಮ. ಹೋಗ್ಬನ್ನಿ."

ಕೆಟ್ಟ ಸುದ್ದಿ ಕೇಳಿ ಎಷ್ಟು ಬಗೆಯಲ್ಲಿ ಅಳಬಹುದೆಂದು ಅವಳಿಗೆ ಗೊತ್ತಿತ್ತು. ಇದಕ್ಕೆ ಮುಖ ಹೇಗಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕಿಂಡಿಯ ಅಂಚು ಬಿಡದೆ ನಿಂತೇ ಇದ್ದಳು.

"ಹುಷಾರಾಗಿದ್ದೀರಾ?"

"ಹುಷಾರಾಗೇ ಇದ್ದೀನಿ ಸರ್."

ಹೊರಗೆ ಕಾಯುತ್ತಿದ್ದ ಗಂಡನಿಗೆ ಹೇಳಿದಾಗ ಅವನು "ಹೌದಾ" ಎಂದಷ್ಟೇ ಅಂದು ರಸ್ತೆ ನೋಡಿದ. ಬಸ್‌ಸ್ಟಾಪಿನತ್ತ ಹೊರಟವನು ದಾರಿಯಲ್ಲಿ ಬಟ್ಟೆ ಅಂಗಡಿಯೊಂದರ ಮುಂದೆ ನಿಂತ. "ಅಲ್ಲಿ ಚಳಿಯಂತೆ," ಎಂದು ಒಳಗೆ ಕರೆದುಕೊಂಡು ಹೋಗಿ, ದಪ್ಪನೆಯ ಕೋಟೊಂದನ್ನು ತೆಗೆಸಿ ಅವಳಿಗೆ ತೊಡಿಸಿದ. ತೋಳು ಉದ್ದ; ಬೆರಳುಗಳು ಒಳಗೇ ಮುಚ್ಚಿಹೋದವು. ಅವನು ಬಗ್ಗಿ, ಒಂದು ತೋಳನ್ನು ಮಡಿಚಿದ, ಆಮೇಲೆ ಇನ್ನೊಂದನ್ನು ಮಡಿಚಿದ. ಒಳಗಿಂದ ಅವಳ ಬೆರಳುಗಳು ಹೊರಗೆ ಬಂದವು.