ಕಪಾಳದ ಸದ್ದು

ನಮ್ಮ ನಾಟಕಕ್ಕೆ ಊರಿನವರು ಯಾರೂ ಬರುವುದಿಲ್ಲ. ಬರುವವರೆಲ್ಲ ಬಸ್ಸಿನಲ್ಲಿ ಬಂದಿಳಿಯುವ ಪ್ರವಾಸಿಗರು. ಬೆಳಿಗ್ಗೆ ಕೋಟೆ, ಮಧ್ಯಾಹ್ನ ನಾವು, ಸಂಜೆ ದೋಣಿ. ಇವತ್ತು ಕೂತವರು ನಾಳೆ ಬರುವುದಿಲ್ಲ. ಹಾಗಾಗಿ ನಿನ್ನೆ ಹೇಗಿತ್ತು, ಇವತ್ತು ಹೇಗಿದೆ ಎಂದು ಹೋಲಿಸಿ ನೋಡುವವರು ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ನಾಟಕದಲ್ಲಿ ಗಂಡ ನನ್ನ ತಮ್ಮ, ಹೆಂಡತಿ ಅವನ ನಿಜವಾದ ಹೆಂಡತಿಯೇ. ಕೊನೆಯ ದೃಶ್ಯದಲ್ಲಿ ಅವನು ಅವಳ ಕಪಾಳಕ್ಕೆ ಬಿಗಿದು, ಕತ್ತು ಹಿಸುಕಿ ಕೊಲ್ಲಬೇಕು. ಅವನ ಕೈ ಗಾಳಿಯಲ್ಲಿ ಹೋಗುತ್ತದೆ, ಅವಳು ಮುಖ ತಿರುಗಿಸುತ್ತಾಳೆ, ಸೈಡ್ ವಿಂಗಿನ ಮರೆಯಲ್ಲಿ ನಿಂತ ನಾನು ಎರಡು ಹಲಗೆ ಬಡಿದು ಫಟಾರ್ ಎನ್ನಿಸುತ್ತೇನೆ. ಅದೇ ನನ್ನ ಕೆಲಸ. ಇಷ್ಟೇನಾ ಎಂದು ಮೂಗು ಮುರಿಯಬೇಡಿ.

ಹೋದ ವಾರ ನನ್ನ ಹಲಗೆಯ ಸದ್ದಿನ ಬೆನ್ನಿಗೇ ಇನ್ನೊಂದು ಸದ್ದು ಕೇಳಿಸಿತು. ಆಮೇಲೆ ಅವಳ ಕೆನ್ನೆ ನೋಡಿದೆ. ಬಣ್ಣದ ಕೆಳಗೆ ಊದಿಕೊಂಡಿತ್ತು.

"ಏನೋ ಇದು, ಕೈ ತಗಲ್ತಾ ಇದೆ?" ಎಂದೆ ತಮ್ಮನಿಗೆ.

"ಎದುರುಗಡೆ ಥಿಯೇಟರ್‌ನಲ್ಲಿ ಕೆಲಸ ಹಿಡಿದಿದ್ದಾಳಂತೆ ಅಕ್ಕ. ನನ್ನ ಬಿಟ್ಟು ಹೋಗ್ತಾಳಂತೆ. ಹೋಗ್ಲಿ ನೋಡೋಣ."

ಅವನ ಕೈ ಸೇದಿಹೋಗ. ನಮ್ಮ ಕಂಪನಿ ಮಾಲೀಕನ ಹತ್ತಿರ ಹೋದೆ. "ಚಪ್ಪಾಳೆ ಜಾಸ್ತಿ ಬರ್ತಿದೆಯಲ್ಲಮ್ಮ. ಗಂಡ ಹೆಂಡ್ತಿ ಮಧ್ಯೆ ನೀವ್ಯಾಕೆ?" ಎಂದು ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಇವತ್ತು ನಾನು ಹಲಗೆ ಬಡಿಯಲೇ ಇಲ್ಲ. ಆದರೂ ಸದ್ದು ಬಂತು, ಒಂದರ ಮೇಲೊಂದು. ಅವಳ ತುಟಿ ಒಡೆದು ಗದ್ದದವರೆಗೆ ರಕ್ತ ಇಳಿಯಿತು. ಮುಂದಿನ ಸಾಲಿನಲ್ಲಿ ಒಬ್ಬಾತ ಫೋನ್ ಎತ್ತಿ ಹಿಡಿದ.

ಆಮೇಲೆ ತಮ್ಮ ಅವಳ ಕುತ್ತಿಗೆಗೆ ಕೈ ಹಾಕಿದ. ಹಿಡಿತ ಬಿಗಿಯಾದರೆ ಅವಳು ಹಿಮ್ಮಡಿಯಿಂದ ನೆಲ ತಟ್ಟಬೇಕು, ಅವನು ಸಡಿಲ ಬಿಡಬೇಕು. ಅವರ ನಡುವೆ ಮೊದಲಿನಿಂದ ಇದ್ದ ಮಾತು. ತಟ್ಟಿದಳು. ಬಿಡಲಿಲ್ಲ. ಮತ್ತೆ ಮತ್ತೆ ತಟ್ಟಿದಳು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಕಾಲು ಸುಮ್ಮನಾಯಿತು.

ನಾನು ರಂಗದ ಮೇಲೆ ನುಗ್ಗಿದೆ. ಅಲ್ಲಿದ್ದ ಮರದ ಸ್ಟೂಲ್ ಎತ್ತಿ ಅವನ ತಲೆಗೆ ಹಾಕಿದೆ. ಪಕ್ಕಕ್ಕೆ ಉರುಳಿದ. ಅವಳು ಕೆಮ್ಮಿದಳು, ಉಸಿರೆಳೆದಳು. ಬದುಕಿದ್ದಳು. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಅಕ್ಕ, ಬೇಡ," ಎಂದು ಅವನು ಕೈ ಅಡ್ಡ ಹಿಡಿದ. ಆ ಕೈಗೇ ಹೊಡೆದೆ. ಮೂಳೆ ಮುರಿದದ್ದು ಕೇಳಿಸಿತು. ಬಾಯಿಗೆ ಹೊಡೆದೆ. ಹಲ್ಲುಗಳು ನೆಲಕ್ಕೆ ಉದುರಿದವು. ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಸ್ಟೂಲ್ ಒಡೆದು ಅದರ ಕಾಲೊಂದೇ ಕೈಯಲ್ಲಿ ಉಳಿಯುವವರೆಗೂ ಹೊಡೆದೆ. ಕೆಳಗೆ ಜನ ಬಾಗಿಲ ಕಡೆ ಓಡುತ್ತಿದ್ದರು.

ಅವಳನ್ನು ಎಬ್ಬಿಸೋಣ ಎಂದು ತಿರುಗಿದೆ. "ಬಾರಮ್ಮ, ಮುಗೀತು. ನೀನಿನ್ನು ಎಲ್ಲಿಗೆ ಬೇಕಾದರೂ ಹೋಗು."

ಅವಳು ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದು, ನನ್ನಿಂದ ದೂರ, ಗೋಡೆಯವರೆಗೂ ತೆವಳಿದಳು.

"ಹೊಡೀಬೇಡಿ ಅಕ್ಕ," ಎಂದಳು. "ನಾನು ಎಲ್ಲಿಗೂ ಹೋಗಲ್ಲ."