ಮಾಸ್ತರರ ಟವರು, ನೀಲವ್ವನ ಕಣ್ಣು

ನಾನು ಮೂರು ಕಾಲಿನ ಒಂದು ಕಬ್ಬಿಣದ ಟವರು. ಮೊಬೈಲ್ ಕಂಪನಿಯವರದಲ್ಲ. ಹಾಗೆಂದು ತಿಳಿದು ನನ್ನನ್ನು ಬೈದವರು ಬಹಳ ಮಂದಿ ಇದ್ದಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಾನು ಹ್ಯಾಮ್ ರೇಡಿಯೋದವರ ಟವರು. ಲೈಸೆನ್ಸು ಪಡೆದು, ಮನೆಯ ಒಂದು ಕೋಣೆಯಲ್ಲಿ ಕುಳಿತು, ದೂರದೇಶದ ಗುರುತಿಲ್ಲದವರೊಡನೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸ ಅದು. ಪಕ್ಕದ ಮನೆಯವರ ಜೊತೆ ಮಾತು ಬಿಟ್ಟವರು ಕೂಡ ಜಪಾನಿನವನ ಯೋಗಕ್ಷೇಮ ವಿಚಾರಿಸುತ್ತಾರೆ. ಅವರ ಆ್ಯಂಟೆನಾ ತಲೆಯ ಮೇಲೆ ಹೊತ್ತು ನಿಲ್ಲುವುದು ನನ್ನ ಕೆಲಸ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಬೆಸುಗೆ ಹಾಕುವವನ ಕಣ್ಣು ಅರ್ಧ ನನ್ನ ಮೇಲೆ, ಅರ್ಧ ರಸ್ತೆಯ ಮೇಲೆ. ಇಂಥವನ ಕೈಯಲ್ಲಿ ಹುಟ್ಟಿದವನಿಗೆ ಲೋಕದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ನನ್ನನ್ನು ಮಾಡಿಸಿದ ಫರ್ನಾಂಡಿಸ್ ಸಾಹೇಬರಿಗೂ ನನ್ನದೇ ಸ್ವಭಾವ. ನನ್ನ ಕಾಲುಗಳು ಪೊಳ್ಳು ಪೈಪುಗಳೆಂದು ನೋಡಿ, "ಮ್ಯಾಲಿಂದ ಮಳಿ ನೀರು ಒಳಗ ಇಳೀತೈತಿ. ಹೊರಗ ಹೋಗಾಕ ದಾರಿ ಬಿಡ್ರಿ," ಎಂದು ಒಂದೊಂದು ಕಾಲಿನ ಬುಡದಲ್ಲೂ ಒಂದು ಸಣ್ಣ ತೂತು ಹಾಕಿಸಿದರು. ಅವರ ಅಂಗಳದಲ್ಲಿ ನಾನು ಒಣ ಕಾಲಿನಲ್ಲಿ ಸುಖವಾಗಿದ್ದೆ. ಆದರೆ ಸುಖದ ಮೇಲೂ ನನಗೆ ಸಂಶಯವಿತ್ತು, ಅದು ಸುಳ್ಳಾಗಲಿಲ್ಲ. ಸಾಹೇಬರಿಗೆ ವರ್ಗವಾಯಿತು. ನನ್ನನ್ನು ಬಿಚ್ಚಿ, ಲಾರಿಯಲ್ಲಿ ಮಲಗಿಸಿ, ಅದೇ ಹವ್ಯಾಸದ ಗದಗಿನ ಅಂದಾನಪ್ಪ ಮಾಸ್ತರರಿಗೆ ಮಾರಿದರು.

ಅಂದಾನಪ್ಪ ಮಾಸ್ತರರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ನನ್ನನ್ನು ಹಿತ್ತಲ ಮೂಲೆಯಲ್ಲಿ, ಪಕ್ಕದ ಮನೆಯ ಗೋಡೆಗೆ ಹತ್ತಿರವಾಗಿ ನಿಲ್ಲಿಸಿ, ಮೂರು ದಿಕ್ಕಿಗೂ ತಂತಿ ಎಳೆದು ಬಿಗಿದರು. ಆ ಪಕ್ಕದ ಮನೆಯಲ್ಲಿ ಇದ್ದವಳೇ ನೀಲವ್ವ. ಹಪ್ಪಳ, ಸಂಡಿಗೆ ಮಾಡಿ ಮಾರುವವಳು. ನನ್ನನ್ನು ನಿಲ್ಲಿಸಿದ ದಿನವೇ ಮಾಳಿಗೆಯ ಮೇಲೆ ನಿಂತು ಕೇಳಿದಳು.

"ಮಾಸ್ತರ, ಇದು ಬಿದ್ರ ಎಲ್ಲಿ ಬೀಳ್ತೈತ್ರಿ?"

"ಬೀಳೂದಿಲ್ಲ ಬಿಡ್ರಿ ಅಕ್ಕಾರ."

"ಬಿದ್ರ ಅಂದ್ನಿ ನಾನು."

ಮಾಸ್ತರರು ನಕ್ಕರು. ಆ ನಗುವೇ ಕೆಲಸ ಕೆಡಿಸಿತು. ಅಂದಿನಿಂದ ಅವಳ ಟಿ.ವಿ.ಯಲ್ಲಿ ಗೆರೆ ಬಂದರೂ ನನ್ನಿಂದ, ಮೊಮ್ಮಗಳಿಗೆ ಜ್ವರ ಬಂದರೂ ನನ್ನಿಂದ. ವಾರ್ಡಿನ ಮೆಂಬರರವರೆಗೂ ದೂರು ಹೋಯಿತು. ಎರಡು ಮನೆಗಳ ನಡುವೆ ಉಪ್ಪು, ಮೊಸರು ಕೊಟ್ಟು ತರುವುದೂ ನಿಂತಿತು. ಬೆಳಿಗ್ಗೆ ಸಂಡಿಗೆ ಇಡಲು ಮಾಳಿಗೆಗೆ ಬಂದಾಗ ಅವಳು ತನ್ನ ನೀರಿನ ಟಾಕಿಯ ಪಕ್ಕ ನಿಂತು, ಒಂದು ಕಣ್ಣು ಮುಚ್ಚಿ ನನ್ನನ್ನೇ ನೋಡುತ್ತಿದ್ದಳು. ಮಾಟ ಮಾಡುತ್ತಿದ್ದಾಳೆಂದೇ ನಾನು ತಿಳಿದೆ. ನನ್ನ ತಂತಿಯ ಮೇಲೆ ಕೂರುವ ಕಾಗೆಗಳನ್ನು ನಂಬಿದೆನೇ ಹೊರತು ಅವಳನ್ನು ನಂಬಲಿಲ್ಲ.

ಮಾಸ್ತರರಿಗೋ ನನ್ನ ಮೇಲೆ ಬಹಳ ಅಕ್ಕರೆ. ಪ್ರತಿ ವರ್ಷ ಮಹಾನವಮಿಯ ಖಂಡೇಪೂಜೆಗೆ ಮೈತುಂಬ ಬೆಳ್ಳಿ ಬಣ್ಣ ಹಚ್ಚಿ, ವಿಭೂತಿ ಬಳಿದು, ಹೂವು ಏರಿಸುತ್ತಿದ್ದರು. ಬುಡದ ನೆಲ ಮಣ್ಣಿನದು, ಕಾಯಿ, ಹಣ್ಣು ಇಡಲು ಜಾಗ ಸರಿಯಿಲ್ಲವೆಂದು ಒಂದು ಸಲ ನನ್ನ ಕಾಲುಗಳ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿದರು. ತಾವೇ ಕರಣೆ ಹಿಡಿದು, ನೀರು ಚಿಮುಕಿಸಿ, ನುಣ್ಣಗೆ ಗಿಲಾವು ಮಾಡಿದರು. ದೇವರ ಕಟ್ಟೆಯ ಹಾಗೆ ಚೆನ್ನಾಗಿಯೇ ಆಯಿತು. ಆದರೆ ನನ್ನ ಕಾಲಿನ ಮೂರೂ ತೂತುಗಳು ಅದರೊಳಗೆ ಮುಚ್ಚಿಹೋದವು.

ಆಮೇಲಿನ ಮಳೆಗಾಲಗಳಲ್ಲಿ ಒಳಗಿಳಿದ ನೀರು ಹೊರಗೆ ಹೋಗಲಿಲ್ಲ. ಕಾಲೊಳಗೆ ನಿಂತಿತು, ಕೊಳೆಯಿತು, ನನ್ನನ್ನು ತಿನ್ನತೊಡಗಿತು. ಮಾಸ್ತರರು ತಂತಿ ಬಿಗಿಯುತ್ತಿದ್ದರು, ತುದಿಯ ನಟ್ಟುಗಳಿಗೆ ಗ್ರೀಸು ಹಚ್ಚುತ್ತಿದ್ದರು, ಆ್ಯಂಟೆನಾವನ್ನು ಮಗುವಿನ ಮುಖದ ಹಾಗೆ ಒರೆಸುತ್ತಿದ್ದರು. ಬುಡಕ್ಕೆ ಮಾತ್ರ ಬಣ್ಣ ಮತ್ತು ಕುಂಕುಮ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಅವರಿಗೆ ಹೇಳುವವರಾರು? ಬೆಲ್ಟು ಕಟ್ಟಿಕೊಂಡು ಅವರು ಹತ್ತಿದಾಗಲೆಲ್ಲ ನನಗೆ ಭಯ. ಇಂದೋ ನಾಳೆಯೋ ಈ ಮನುಷ್ಯ ನನ್ನ ಜೊತೆಗೇ ನೆಲಕ್ಕೆ ಬೀಳುತ್ತಾನೆ ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ಇರಲಿಲ್ಲ. ಊರೆಲ್ಲ ಮಾತಾಡಲೆಂದು ನಿಂತವನು ನಾನು, ನನಗೇ ಮಾತಿಲ್ಲ.

ಆಷಾಢದ ಗಾಳಿಗೆ ಆ್ಯಂಟೆನಾ ಒಂದು ಪಕ್ಕಕ್ಕೆ ತಿರುಗಿತು. ಭಾನುವಾರ ಬೆಳಿಗ್ಗೆ ಮಾಸ್ತರರು ನಟ್ಟು ತಿರುಗಿಸುವ ಪಾನಾ ಸೊಂಟಕ್ಕೆ ಸಿಗಿಸಿಕೊಂಡು ಬಂದರು. ಕಟ್ಟೆ ಮುಟ್ಟಿ ನಮಸ್ಕರಿಸಿ, ಬೆಲ್ಟಿನ ಕೊಂಡಿ ಹಾಕಿ, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಆಗ ಮಾಳಿಗೆಯಿಂದ ನೀಲವ್ವನ ದನಿ ಬಂತು. ಎಷ್ಟೋ ವರ್ಷದ ಮೇಲೆ ಅವಳು ಅವರನ್ನು ಮಾತಾಡಿಸಿದ್ದು.

"ಹತ್ತಬ್ಯಾಡ್ರಿ ಮಾಸ್ತರ! ಅದು ವಾಲೈತಿ."

"ಸುರು ಆತು ನೋಡ್ರಿ ನಿಮ್ದು," ಎಂದರು ಮಾಸ್ತರರು.

"ಒಂದು ಕಣ್ಣು ಮುಚ್ಚಿ ನೋಡಿದ್ರ ನಿಮ್ಮ ಟವರು ದಿನಾ ನಮ್ಮ ಟಾಕಿ ಅಂಚಿಗೆ ಸರಿಯಾಗಿ ಕೂಡ್ತಿತ್ತು. ಈ ವಾರ ನಡುವ ಬೆರಳು ಹಿಡಿಯೂವಷ್ಟು ಸಂದಿ ಕಾಣ್ತೈತಿ. ನಾ ದಿನಾ ನೋಡ್ತೀನಿ."

"ನಿಮ್ಮ ಟಾಕೀನ ವಾಲಿರಬೇಕು ಅಕ್ಕಾರ, ಅದನ್ನ ನೋಡಿಕೊಳ್ರಿ," ಎಂದು ಎರಡನೆಯ ಮೆಟ್ಟಿಲು ಏರಿದರು.

ನೀಲವ್ವ ಸರಸರ ಮಾಳಿಗೆ ಇಳಿದಳು. ಗೇಟು ದಾಟಿ ಬಂದಳು. ಕೈಯಲ್ಲಿ ಹಾರೆ! ಇಷ್ಟು ದಿನ ಕಾದಿದ್ದವಳು ಇಂದು ನನ್ನನ್ನು ಮುಗಿಸಿಯೇ ಬಿಡುತ್ತಾಳೆ ಎಂದುಕೊಂಡೆ. ಮಾಸ್ತರರೂ ಹಾಗೇ ತಿಳಿದರು. ಕೊಂಡಿ ಬಿಚ್ಚಿ, ಕೆಳಗೆ ಹಾರಿ, ತಡೆಯಲು ಕೈ ಚಾಚಿದರು. ಅಷ್ಟರಲ್ಲಿ ಅವಳು ಕಟ್ಟೆಯ ಮೇಲ್ಗಡೆ ನನ್ನ ಕಾಲಿಗೆ ಒಂದೇ ಏಟು ಹಾಕಿದಳು.

ಹಾರೆ ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಅಲ್ಲಿ ಕಬ್ಬಿಣವೇ ಇರಲಿಲ್ಲ, ಇದ್ದದ್ದು ಬೆಳ್ಳಿ ಬಣ್ಣ. ವರ್ಷಗಟ್ಟಲೆ ನಿಂತಿದ್ದ ಕೆಂಪು ನೀರು ನಾರುತ್ತ ಹೊರಗೆ ನುಗ್ಗಿ ಮಾಸ್ತರರ ಪಾದ ತೋಯಿಸಿತು. ನನಗೆ ನೋವಾಯಿತು. ಆದರೆ ಆ ನೋವಿನಷ್ಟು ಹಿತವಾದದ್ದನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

ಮಾಸ್ತರರು ಕಟ್ಟೆಯ ಮೇಲೆ ಕುಸಿದು ಕುಳಿತರು.

"ನೀರು ಹೋಗೂ ದಾರಿ ಮುಚ್ಚಿ ಈ ಕಟ್ಟಿ ಕಟ್ಟಿದ್ದು ಯಾರ್ರಿ?" ಎಂದು ನೀಲವ್ವ ಕೇಳಿದಳು.

"ನಾನ." ತೋಯ್ದ ಪಾದ ನೋಡಿಕೊಂಡು, "ನೀವು ನೋಡದ ಇದ್ದಿದ್ರ ಇವತ್ತ ನಾ ಇರ್ತಿದ್ದಿಲ್ಲ ಅಕ್ಕಾರ," ಎಂದರು.

"ನಿಮ್ಮ ಸಲುವಾಗಿ ನೋಡಿಲ್ರಿ. ನಮ್ಮ ಮನಿ ಮ್ಯಾಲೆ ಬೀಳ್ತೈತಂತ ನೋಡೀನಿ," ಎಂದು ಅವಳು ಸೆರಗಿನಿಂದ ಹಾರೆ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದುದನ್ನು ನಾನು ನೋಡಿದೆ.

ನನ್ನನ್ನು ಬಿಚ್ಚಿದರು. ಕೊಳೆತ ಭಾಗ ಗುಜರಿಗೆ ಹೋಯಿತು. ತುದಿಯ ಗಟ್ಟಿ ತುಂಡೊಂದನ್ನು ನೀಲವ್ವ ಹೀರೆಬಳ್ಳಿಗೆ ಬೇಕೆಂದು ಕೇಳಿ ಒಯ್ದು, ನಾಲ್ಕು ಸಲ ಅಲುಗಾಡಿಸಿ ನೋಡಿ, ತನ್ನ ಹಿತ್ತಲಲ್ಲಿ ನೆಟ್ಟಳು. ಈಗ ನಾನು ಅಷ್ಟೇ. ಬಳ್ಳಿ ಮೈಗೆ ಸುತ್ತಿಕೊಂಡಿದೆ. ಮುದಿತನಕ್ಕೆ ಇದು ಸಾಕು. ನನ್ನನ್ನು ನಂಬಿದವರು ಪೂಜೆ ಮಾಡಿದರು. ನಂಬದವಳು ದಿನವೂ ನೋಡಿದಳು. ಯಾವುದು ಹೆಚ್ಚಿನ ಪ್ರೀತಿ ಎಂದು ಬಳ್ಳಿಯ ನೆರಳಲ್ಲಿ ನಿಂತು ಯೋಚಿಸುತ್ತೇನೆ.

ಮೊನ್ನೆ ಮಾಸ್ತರರು ಹೊಸ ಟವರು ನಿಲ್ಲಿಸಿದರು. ಥಳಥಳ ಹೊಳೆಯುತ್ತದೆ, ನನಗೇನೂ ಅದರ ಮೇಲೆ ನಂಬಿಕೆಯಿಲ್ಲ. ಕೆಲಸ ಮುಗಿದ ಮೇಲೆ ಅವರು ಗೋಡೆಯ ಹತ್ತಿರ ಬಂದು, ಸಂಡಿಗೆ ಇಡುತ್ತಿದ್ದ ನೀಲವ್ವನನ್ನು ಕೂಗಿದರು.

"ಅಕ್ಕಾರ, ಹೊಸಾದು ನಿಲ್ಲಿಸೇನ್ರಿ. ಇದರ ಮ್ಯಾಲೂ ಸಂಶಯ ಪಡೂದು ಬಿಡಬ್ಯಾಡ್ರಿ."

ಅವಳು ತಲೆ ಎತ್ತಲಿಲ್ಲ.

"ಬಿಡೂದೇನು ಬಂತು? ಆಗಲೇ ನೋಡೀನಿ. ಆ ಬಾವಿ ಕಡೀ ತಂತಿ ಸಡ್ಲ ಐತಿ. ಮೊದ್ಲ ಅದನ್ನ ಬಿಗೀರಿ, ಹೋಗ್ರಿ."

ಮಾಸ್ತರರು ನಗಲಿಲ್ಲ. ಪಾನಾ ತರಲು ಒಳಗೆ ಓಡಿದರು.