ಬಾವುಟ ಇಳಿಯುವ ತನಕ

“ಇನ್ನೂ ಬಗ್ಗೇ. ನೆಲ ಏನು ನಿನ್ನ ಮಾವನಾ, ನಾಚ್ಕೊಂಡು ದೂರ ನಿಲ್ಲೋಕೆ?”

ಮೇಸ್ತ್ರಿಯ ಈ ಮಾತಿಗೆ ಸಾಲಿನ ಹೆಂಗಸರಲ್ಲಿ ಯಾರೂ ತಲೆಯೆತ್ತಲಿಲ್ಲ. ಅದು ಅವನು ದಿನಾ ಬೆಳಿಗ್ಗೆ ಆಡುವ ಮೊದಲ ಮಾತು. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಬಡಗಣ ಗಡಿಯ ಆ ವಿಮಾನನೆಲೆಯಲ್ಲಿ ಹೆಂಗಸರು ಸಾಲಾಗಿ ನಿಂತು, ರನ್‌ವೇಯ ಈ ತುದಿಯಿಂದ ಆ ತುದಿಯವರೆಗೆ ಬಗ್ಗಿ ನಡೆಯುತ್ತ ಕಲ್ಲು ಆರಿಸಬೇಕು. ಉಗುರಿನಷ್ಟು ಹರಳು ಎಂಜಿನ್ನಿನ ಬಾಯಿಗೆ ಹೋದರೂ ವಿಮಾನಕ್ಕೆ ಕೇಡು. ವಿಮಾನವೇ ಇರಲಿಲ್ಲ ಎಂಬುದು ಬೇರೆ ಮಾತು. ಹಿಂದೊಂದು ಯುದ್ಧದಲ್ಲಿ ಅವು ಹಿಂಡುಹಿಂಡಾಗಿ ಬಂದಿದ್ದವಂತೆ. ಆಮೇಲೆ ಇಳಿದದ್ದು ಒಂದೇ, ಅದೂ ದಾರಿ ತಪ್ಪಿ. ಏನೂ ಓಡಾಡದ ನೆಲದಲ್ಲಿ ದಿನಾ ಕಲ್ಲೆಲ್ಲಿಂದ ಬರಬೇಕು? ಕಲ್ಲು ಸಿಗದ ದಿನ ಕೂಲಿಯಿಲ್ಲ. ಹೀಗಾಗಿ ಹೆಂಗಸರು ಮನೆಯಿಂದಲೇ ಮಡಿಲಲ್ಲಿ ಹಿಡಿಹಿಡಿ ಹರಳು ತಂದು, ಬಗ್ಗಿದಾಗ ಉದುರಿಸಿ, ಪಕ್ಕದವಳಿಗೆ ಆರಿಸಲು ಬಿಡುತ್ತಿದ್ದರು. ಈ ಏರ್ಪಾಟು ಅತ್ತೆಯಿಂದ ಸೊಸೆಗೆ ಇಳಿದು ಬಂದಿತ್ತು.

ಸಾಲಿಗೆಲ್ಲ ಹಿರಿಯಳಾದವಳನ್ನು ಕಲ್ಲಜ್ಜಿ ಎನ್ನುತ್ತಿದ್ದರು. ಆ ದಿನ ಅವಳ ಕಣ್ಣು ಕಲ್ಲಿನ ಮೇಲಿರಲಿಲ್ಲ, ಕಂಬದ ತುದಿಯ ಕೆಂಪು ಬಾವುಟದ ಮೇಲಿತ್ತು. ಬಾವುಟ ಏರಿದೆಯೆಂದರೆ ವಿಮಾನಗಳು ಹಾರುತ್ತಿವೆ ಎಂದರ್ಥ. ಹೊಗೆ ಪೈಲಟ್ಟಿನ ಕಣ್ಣಿಗೆ ಅಡ್ಡವಾಗಬಾರದೆಂದು ಆಗ ಗೋಡೆಯಾಚೆಯ ಕೇರಿಯಲ್ಲಿ ಯಾರೂ ಒಲೆ ಹೊತ್ತಿಸುವಂತಿಲ್ಲ. ದಿನಾ ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತಿದ್ದ ಬಾವುಟ, ಮೊನ್ನೆಯ ಹಿಮದಲ್ಲಿ ನೆನೆದು, ಹಗ್ಗ ರಾಟೆಗಳೆಲ್ಲ ಒಂದೇ ಗಡ್ಡೆಯಾಗಿ, ಮೇಲೆಯೇ ಕಚ್ಚಿಕೊಂಡುಬಿಟ್ಟಿತ್ತು. ಅಂದಿನಿಂದ ಕೇರಿ ತಣ್ಣಗಿತ್ತು. ಅಜ್ಜಿಯ ಸೊಸೆ ಹೆತ್ತದ್ದೂ ಆಗಲೇ. ಕೂಸಿನ ಅಂಗಾಲು ನೀಲಿಗಟ್ಟತೊಡಗಿತ್ತು.

ಹಿಂದಿನ ಸಂಜೆ ಅಜ್ಜಿ ಬಾಗಿಲು ಮುಚ್ಚಿಕೊಂಡು ನಾಲ್ಕು ಚಕ್ಕೆ ಹೊತ್ತಿಸಿದ್ದಳು. ಪಹರೆಯವರು ಬೂಟುಗಾಲಲ್ಲೇ ಬಾಣಂತಿಯ ಕೋಣೆಗೆ ನುಗ್ಗಿ ಒಲೆಗೆ ನೀರು ಸುರಿದರು. ಬೂದಿಯ ಕೆಸರು ಹಾಸಿಗೆಯ ತನಕ ಹರಿಯಿತು. ದೇಶಕ್ಕೇ ಬೆಂಕಿ ಇಡ್ತೀಯೇನೇ ಮುದಿ ಮುಂಡೆ ಎಂದು ಒಬ್ಬ ಬೈದ. ಇನ್ನೊಬ್ಬ ಹೊರಡುವ ಮುನ್ನ ಕೂಸು ಗಂಡೋ ಹೆಣ್ಣೋ ಎಂದು ವಿಚಾರಿಸಿ, ಹೆಣ್ಣೆಂದು ತಿಳಿದು, ಬಕೆಟ್ಟಿನಲ್ಲಿ ಉಳಿದಿದ್ದನ್ನೂ ಸುರಿದು ಹೋದ.

ಕಲ್ಲು ಒಪ್ಪಿಸಿದ ಮೇಲೆ ಅಜ್ಜಿ ಸಾಹೇಬನ ಕೋಣೆಯ ಬಾಗಿಲಲ್ಲಿ ನಿಂತಳು. ಸಾಹೇಬ ನೆಲೆಯ ಹುಟ್ಟುದಿನದ ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದ. ಈ ನೆಲೆ ಹುಟ್ಟುವ ಮೊದಲು ಇಲ್ಲಿ ಮನುಷ್ಯರ ಸುಳಿವೇ ಇರಲಿಲ್ಲ. ಇಂದು ಉತ್ತರದ ಗಡಿಗೆ ಇದೇ ಕಣ್ಣು, ಇದೇ ಕವಚ. ತಾನು ಹುಟ್ಟಿದ ಮನೆ ರನ್‌ವೇಯ ನಡುಮಧ್ಯೆ ಇತ್ತೆಂದು ಅಜ್ಜಿ ಹೇಳಿದಳು. ಸಾಹೇಬ ಸಮಾಧಾನದಿಂದಲೇ, ಇತಿಹಾಸದಲ್ಲಿ ಹಾಗಿಲ್ಲವೆಂದೂ, ಅವಳು ಬೇರೆಲ್ಲೋ ಹುಟ್ಟಿರಬೇಕೆಂದೂ, ವಯಸ್ಸಾದವರಿಗೆ ಇಂಥ ಮರೆವು ಸಹಜವೆಂದೂ ತಿಳಿಹೇಳಿದ. ಅವಳು ಅದನ್ನು ಅಲ್ಲಿಗೇ ಬಿಟ್ಟು ಬಾವುಟದ ಮಾತೆತ್ತಿದಳು. ಬಾವುಟದ ಜವಾನ ರಜೆ ಹಾಕಿ ಹೋಗಿದ್ದಾನೆ, ಉಳಿದವರು ಅದನ್ನು ಮುಟ್ಟುವಂತಿಲ್ಲ ಎಂದ ಸಾಹೇಬ.

“ಬಾವುಟ ಮೇಲಿದೆ ಅಂದ್ರೆ ವಿಮಾನ ಹಾರ್ತಿವೆ ಅಂತ.”

“ಒಂದೂ ಕಾಣ್ತಿಲ್ವಲ್ಲ ಸಾಹೇಬ್ರೆ.”

“ಕಾಣದ ಹಾಗೆ ಹಾರೋದೇ ಅವುಗಳ ಕೆಲಸ. ನಿನಗೆ ಕಂಡ್ರೆ ಶತ್ರುಗೂ ಕಾಣಲ್ವಾ?”

ಅಜ್ಜಿ ಕಿಟಕಿಯಾಚೆಯ ಗೋಡೆಯತ್ತ ಕೈ ತೋರಿಸಿದಳು. “ಹೊಗೆ ಕೂಡದು ಅನ್ನೋದು ಗೋಡೆ ಆಚೆಗೆ ತಾನೆ?”

“ಹೂಂ. ಆಚೆ ಕೇರೀಲಿ.”

“ಈಚೆಗೆ?”

ಈಚೆ ಬಂದು ಯಾವ ಹುಚ್ಚಿ ಒಲೆ ಹೂಡುತ್ತಾಳೆ ಎಂದು ನಕ್ಕು ಸಾಹೇಬ ಭಾಷಣಕ್ಕೆ ಮರಳಿದ.

ಮಾರನೆಯ ಬೆಳಿಗ್ಗೆ ಹೆಂಗಸರ ಮಡಿಲು ಎಂದಿಗಿಂತ ಭಾರವಾಗಿತ್ತು. ಗೇಟಿನವರು ತಪಾಸಣೆ ಮಾಡುವುದು ಹೊರಗೆ ಹೋಗುವಾಗ ಮಾತ್ರ. ಆರಿಸಿದ ಕಲ್ಲು ಸರ್ಕಾರದ್ದು, ಕದ್ದೊಯ್ಯಬಾರದು. ಆರಿಸಿದ ಕಲ್ಲು ತುಂಬಲು ಹೆಂಗಸರು ಒಳಗೆ ತರುವ ಕೈಗಾಡಿಯ ಗೋಣಿತಾಟನ್ನು ಎತ್ತಿ ನೋಡಿದವರಿಲ್ಲ. ಕಂಬಳಿಯೊಳಗೆ ಹಂಡೆ ಕಟ್ಟಿಕೊಂಡಿದ್ದ ಅಜ್ಜಿಯ ಓರಗಿತ್ತಿಯನ್ನು ಮಾತ್ರ ಒಬ್ಬ ತಡೆದು, ಹೊಟ್ಟೆ ಏನು ಇಷ್ಟು ಎಂದು ಕೇಳಿದ.

“ಬಸುರಿ ಕಣಪ್ಪಾ. ಈ ವಯಸ್ಸಲ್ಲಿ. ಜೋರಾಗಿ ಕೇಳಬೇಡ, ಮೊಮ್ಮಕ್ಕಳಿಗೆ ಗೊತ್ತಾದ್ರೆ ನಗ್ತಾರೆ.”

ಅವನು ಮುಖ ತಿರುಗಿಸಿಕೊಂಡ.

ರನ್‌ವೇಯ ನಡುವಿಗೆ ಬಂದಾಗ ಸಾಲು ನಿಂತಿತು. ಮಡಿಲುಗಳಿಂದ ಮೂರು ದಪ್ಪ ಕಲ್ಲು, ಸೌದೆಯ ಸೀಳುಗಳು ಇಳಿದವು, ಹಂಡೆ ಏರಿತು, ಕೂಸನ್ನು ಮೀಯಿಸಲೆಂದು ಅಂಚಿನ ಹಿಮ ಅದರೊಳಗೆ ಬಿತ್ತು. ಕೈಗಾಡಿಯ ಗೋಣಿತಾಟಿನಡಿಯಿಂದ ಸೊಸೆ ಕೂಸನ್ನು ಎದೆಗವಚಿಕೊಂಡು ಎದ್ದು ಕೂತಳು. ಹೊಗೆ ನೆಟ್ಟಗೆ ಮೇಲೆದ್ದಿತು. ಮೇಸ್ತ್ರಿ ಅವ್ವ ಅಕ್ಕ ಎನ್ನದೆ ಬೈಯುತ್ತ ಓಡಿ ಬಂದ. ಕೂಗಬೇಡ, ಕೂಸು ಈಗ ತಾನೇ ಮಲಗಿದೆ ಎಂದಳು ಓರಗಿತ್ತಿ. ಅವನು ಅದೇ ಬೈಗುಳಗಳನ್ನು ಪಿಸುದನಿಯಲ್ಲಿ ಮುಂದುವರಿಸಿದ.

ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಸಾಹೇಬ ಜೀಪಿನಲ್ಲಿ ಬಂದಿಳಿದ. ಯಾವ ನಿಯಮದಡಿ ಇವರನ್ನು ಎಬ್ಬಿಸಬೇಕೆಂದು ಅವನಿಗೆ ಹೊಳೆಯಲಿಲ್ಲ.

“ಏಳ್ರೇ. ವಿಮಾನ ಬಂದ್ರೆ ಏನ್ ಗತಿ?”

“ಬರ್ಲಿ,” ಎಂದಳು ಕಲ್ಲಜ್ಜಿ. “ನೀರು ಕಾಯೋ ತನಕ ಮೇಲೇ ಸುತ್ತಾಡ್ತಿರೋಕೆ ಹೇಳಿ ಸಾಹೇಬ್ರೆ. ಹೇಗೂ ಯಾರಿಗೂ ಕಾಣಲ್ಲ.”

ಆಗ ಮೋಡದ ಹಿಂದೆ ಗುಂಯ್‌ಗುಡುವ ಸದ್ದೆದ್ದಿತು. ಅದು ಗಾಳಿಯೆಂದು ಕೆಲವರು, ಅಲ್ಲವೆಂದು ಕೆಲವರು. ಹೇಳುವವರು ಈಗಲೂ ಎರಡು ಬಗೆಯಾಗಿ ಹೇಳುತ್ತಾರೆ. ಸಾಹೇಬ, ಮೇಸ್ತ್ರಿ, ಪಹರೆಯವರೆಲ್ಲ ಅಂಚಿಗೆ ಓಡಿ ಹಿಮದಲ್ಲಿ ಬೋರಲಾಗಿ ಬಿದ್ದರು. ಸದ್ದು ಹತ್ತಿರವಾಯಿತು. ಹೆಂಗಸರು ಒಲೆಯ ಸುತ್ತ ಇನ್ನಷ್ಟು ಒತ್ತಾಗಿ ಕೂತರು. ಅಜ್ಜಿ ಹಂಡೆಗೆ ಬೆರಳದ್ದಿ ನೋಡಿದಳು. ನೀರು ಇನ್ನೂ ಉಗುರುಬೆಚ್ಚಗೂ ಆಗಿರಲಿಲ್ಲ. ಇನ್ನೊಂದು ಸೌದೆ ತುರುಕಿ, ಊದತೊಡಗಿದಳು.